ಮ್ಯಾಕ್‌ಬೆತ್: ಗದ್ದುಗೆ ಹತ್ತುವ ಆಸೆಯ ನಾಟಕವೋ, ಹತ್ತಿದ ಮೇಲಿನ ಭಯದ ನಾಟಕವೋ?

(ಇದೊಂದು ಚರ್ಚೆ; ಪ್ರತಿ ಭಾಗದ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು.)

ನಾಲ್ಕನೇ ಸಾಲು (ಪ್ರಶ್ನೆ)

ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಕುರಿತ ಟಿಪ್ಪಣಿ ಯಾವುದನ್ನು ತೆಗೆದರೂ ಎರಡು ತುಂಡು. ಮೊದಲ ತುಂಡು ‘ಐತಿಹಾಸಿಕ ಹಿನ್ನೆಲೆ’: ಅಂದಿನ ಇಂಗ್ಲೆಂಡಿನ ಅರಸ ಒಂದನೇ ಜೇಮ್ಸ್, ಮದ್ದಿನ ಸಂಚು (1605ರಲ್ಲಿ ಸಂಸತ್ತನ್ನು ಸಿಡಿಸುವ ಪಿತೂರಿ), ಮಾಟಗಾತಿಯರ ವಿಚಾರಣೆ. ಎರಡನೆಯದು ‘ವಸ್ತು’: ಮಹತ್ವಾಕಾಂಕ್ಷೆ, ಪಾಪಪ್ರಜ್ಞೆ, ವಿಧಿ. ಎರಡರ ನಡುವೆ ಹೊಲಿಗೆಯೇ ಇಲ್ಲ. ಮೊದಲಿನದನ್ನು ಕತ್ತರಿಸಿ ಎಸೆದರೂ ಎರಡನೆಯದು ಹಾಗೇ ನಿಲ್ಲುತ್ತದೆ. ಹಾಗಿದ್ದರೆ ಆ ಹಿನ್ನೆಲೆ ಯಾಕೆ ಬೇಕು?

ಮೂರು ಸಂದೇಹಗಳಿವೆ. ಒಂದು, ಕಥೆ ನಡೆಯುವುದು 11ನೇ ಶತಮಾನದಲ್ಲಿ, ನಾಟಕ ಹುಟ್ಟಿದ್ದು 1606ರ ಸುಮಾರಿಗೆ. ‘ಸಂದರ್ಭ’ ಅಂದರೆ ಯಾವುದು? ಎರಡು, ಮಾಟಗಾತಿಯರು ಹೇಳಿದ್ದೆಲ್ಲ ನಡೆದೇ ತೀರುತ್ತದೆ ಎಂದಾದರೆ ಮ್ಯಾಕ್‌ಬೆತ್‌ನ ತಪ್ಪು ಎಲ್ಲಿಂದ ಬಂತು? ಮೂರು, ರಾಜನನ್ನು ಮೆಚ್ಚಿಸಲು ಬರೆದ ನಾಟಕ ಅನ್ನುತ್ತಾರಲ್ಲ, ಅದು ಎಷ್ಟರ ಮಟ್ಟಿಗೆ ಸರಿ? ಅಂಕ, ದೃಶ್ಯ ಹಿಡಿದು ಹೇಳಿದರೆ ಉಪಕಾರ.

ಹಳೇ ಹೊತ್ತಗೆ

ಎರಡು ಕಾಲಗಳ ನಡುವೆ ಒಂದು ಪುಸ್ತಕ ಕೂತಿದೆ. ಅದನ್ನು ಬಿಟ್ಟುಬಿಡುವುದರಿಂದಲೇ ಟಿಪ್ಪಣಿ ಎರಡು ತುಂಡಾಗುತ್ತದೆ. ಹಾಲಿನ್‌ಶೆಡ್‌ನ ಚರಿತ್ರೆ, 1587ರ ಎರಡನೇ ಆವೃತ್ತಿ. ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡದ್ದು ಅಲ್ಲಿಂದ. ಅಲ್ಲಿ ಏನಿತ್ತು, ಇವನು ಏನು ಬದಲಿಸಿದ ಎಂದು ನೋಡುತ್ತ ಹೋದರೆ ನಿಮಗೆ ಬೇಕಾದ ಹೊಲಿಗೆ ತಾನಾಗಿ ಕಾಣುತ್ತದೆ.

ಮೊದಲು ಚರಿತ್ರೆಯ ಅರಸರು. ನಾಟಕದಲ್ಲಿ ಮ್ಯಾಕ್‌ಬೆತ್ ಕೊಲ್ಲುವ ಸ್ಕಾಟ್‌ಲೆಂಡಿನ ಅರಸ ಡಂಕನ್ 1034ರಲ್ಲಿ ಪಟ್ಟಕ್ಕೆ ಬಂದವನು, ಮುದುಕನಲ್ಲ. 1040ರಲ್ಲಿ ಅವನು ಸತ್ತದ್ದು ಎಲ್ಗಿನ್ ಹತ್ತಿರದ ಕಾಳಗದಲ್ಲಿ, ಹಾಸಿಗೆಯಲ್ಲಿ ಅಲ್ಲ. ಆಮೇಲೆ ಮ್ಯಾಕ್‌ಬೆತ್ 17 ವರ್ಷ ಆಳಿದ. 1050ರಲ್ಲಿ ರೋಮ್‌ಗೆ ಯಾತ್ರೆ ಹೋಗಿ ಬಡವರಿಗೆ ಹಣ ಹಂಚಿ ಬಂದ. ಸಿಂಹಾಸನ ಅಲುಗುತ್ತಿರುವ ಅರಸ ಅಷ್ಟು ದೂರದ ಯಾತ್ರೆಗೆ ಹೊರಡುವುದಿಲ್ಲ. 1054ರಲ್ಲಿ ಇಂಗ್ಲೆಂಡಿನ ಸರದಾರ ಸಿವರ್ಡ್‌ನ ಸೇನೆ ಅವನನ್ನು ಸೋಲಿಸಿತು, 1057ರಲ್ಲಿ ಲಂಫನನ್‌ನಲ್ಲಿ ಸತ್ತ. ಅವನ ನಂತರ ಗದ್ದುಗೆಗೆ ಬಂದದ್ದು ಡಂಕನ್‌ನ ಮಗ ಮಾಲ್ಕಂ ಅಲ್ಲ, ಹೆಂಡತಿ ಗ್ರೂಆಕ್‌ಳ ಮೊದಲ ಗಂಡನ ಮಗ ಲುಲಾಖ್; ಕೆಲವೇ ತಿಂಗಳು. ಮಾಲ್ಕಂ ಬಂದದ್ದು 1058ರಲ್ಲಿ.

ಅಂದಿನ ಸ್ಕಾಟ್‌ಲೆಂಡಿನಲ್ಲಿ ಪಟ್ಟ ತಂದೆಯಿಂದ ಹಿರಿಮಗನಿಗೆ ನೇರವಾಗಿ ಇಳಿಯುತ್ತಿರಲಿಲ್ಲ ಎಂಬುದನ್ನೂ ಗಮನದಲ್ಲಿಡಿ. ರಾಜಕುಲದ ಕವಲುಗಳಲ್ಲಿ ಸಮರ್ಥನಾದ ಗಂಡಸಿಗೆ ಹೋಗುತ್ತಿತ್ತು. ಈಗ 1.4 (ಒಂದನೇ ಅಂಕ, ನಾಲ್ಕನೇ ದೃಶ್ಯ) ಓದಿ. ಡಂಕನ್ ಸಭೆಯಲ್ಲಿ ಮಾಲ್ಕಂನನ್ನು ಉತ್ತರಾಧಿಕಾರಿ ಎಂದು ಸಾರುತ್ತಾನೆ, ಮ್ಯಾಕ್‌ಬೆತ್ ತನ್ನಷ್ಟಕ್ಕೆ ‘ಈ ಮೆಟ್ಟಿಲನ್ನು ಹಾರಬೇಕು, ಇಲ್ಲವೇ ಎಡವಿ ಬೀಳಬೇಕು’ ಅನ್ನುತ್ತಾನೆ. ಆ ಘೋಷಣೆ ಅವನಿಗೆ ಯಾಕೆ ಅಷ್ಟು ಚುಚ್ಚುತ್ತದೆ ಎಂಬುದು ಹಳೆಯ ಪದ್ಧತಿ ತಿಳಿದವರಿಗೆ ಹೊಳೆಯುತ್ತದೆ: ತನಗೂ ತೆರೆದಿದ್ದ ಬಾಗಿಲು ಅಲ್ಲಿ ಮುಚ್ಚಿತು. ಹೊಸ ವಾರಸುದಾರಿಕೆ ಹಳೆಯದರ ಮೇಲೆ ಬಿದ್ದ ಗಳಿಗೆ ಅದು.

ಇನ್ನು ಬದಲಾವಣೆಗಳು. ಹಾಲಿನ್‌ಶೆಡ್‌ನಲ್ಲಿ ಡಂಕನ್ ತರುಣ, ಮೆದು, ಆಡಳಿತದಲ್ಲಿ ಸಡಿಲ. ಶೇಕ್ಸ್‌ಪಿಯರ್ ಅವನನ್ನು ಮುದುಕ ಮಾಡಿ ತೇಜಸ್ಸು ಕೊಟ್ಟ. ಅಲ್ಲಿ ಮ್ಯಾಕ್‌ಬೆತ್ ಮೊದಲ ಹತ್ತು ವರ್ಷ ನ್ಯಾಯವಾಗಿ ಆಳಿ ಒಳ್ಳೆಯ ಕಾನೂನು ಮಾಡುತ್ತಾನೆ; ನಾಟಕದಲ್ಲಿ ಆ ಹತ್ತು ವರ್ಷ ಮಾಯ, ಪಟ್ಟಕ್ಕೂ ಭಯಕ್ಕೂ ನಡುವೆ ಉಸಿರಾಡಲು ಜಾಗವೇ ಇಲ್ಲ. ಅಲ್ಲಿ ಮ್ಯಾಕ್‌ಬೆತ್‌ನ ಜೊತೆಯ ಸೇನಾನಿ ಬ್ಯಾಂಕೋ ಕೊಲೆಯಲ್ಲಿ ಪಾಲುದಾರ. ಇಲ್ಲಿ ಅದಕ್ಕೆ ಕೈ ಹಚ್ಚದವನು. ಮಲಗಿದ ಅತಿಥಿಯನ್ನು ಮನೆಯಲ್ಲೇ ಕೊಲ್ಲುವುದು, ಕಾವಲುಗಾರರಿಗೆ ಕುಡಿಸುವುದು, ಹೆಂಡತಿಯ ಒತ್ತಾಯ, ಇವೆಲ್ಲ ಅದೇ ಪುಸ್ತಕದ ಬೇರೆ ಪುಟದಿಂದ: ಡಾನ್‌ವಾಲ್ಡ್ ಎಂಬವನು ಡಫ್ ಅರಸನನ್ನು ಕೊಂದ ಕಥೆ. ಗೂಬೆ ಗಿಡುಗವನ್ನು ಕೊಲ್ಲುವುದೂ ಕುದುರೆಗಳು ಮಾಂಸ ತಿನ್ನುವುದೂ (2.4) ಆ ಡಫ್‌ನ ಸಾವಿನ ಉತ್ಪಾತಗಳೇ. ಎರಡು ಕೊಲೆಗಳನ್ನು ಒಂದಕ್ಕೆ ಬೆಸೆದ. ರಣರಂಗದ ಸಾವು ಮನೆಯೊಳಗೆ ಬಂತು, ರಾಜಕೀಯದ ಪ್ರಶ್ನೆ ನಂಬಿಕೆದ್ರೋಹದ ಪ್ರಶ್ನೆಯಾಯಿತು. 1.7ರ ಸ್ವಗತದಲ್ಲಿ ಕೊಲ್ಲಬಾರದೆಂಬುದಕ್ಕೆ ಅವನೇ ಕೊಡುವ ಕಾರಣ ನೋಡಿ: ನಾನು ಬಂಧು, ನಾನು ಪ್ರಜೆ, ಮೇಲಾಗಿ ನಾನು ಆತಿಥೇಯ. ಮೂರನೆಯ ಕಾರಣ ಹುಟ್ಟಬೇಕಾದರೆ ಕೊಲೆ ಮನೆಯಲ್ಲೇ ಆಗಬೇಕು.

ಬ್ಯಾಂಕೋ ಚರಿತ್ರೆಯ ವ್ಯಕ್ತಿಯೇ ಅಲ್ಲ. 1527ರಲ್ಲಿ ಹೆಕ್ಟರ್ ಬೋಯಿಸ್ ಬರೆದ ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಂಡ, ಸ್ಟುವರ್ಟ್ ವಂಶಕ್ಕೆ ಹಳೆಯ ಬೇರು ಒದಗಿಸಲು. ಜೇಮ್ಸ್ ಆ ವಂಶದವನು. ಮೂಲಪುರುಷನನ್ನು ರಾಜಹಂತಕ ಎಂದು ತೋರಿಸಲು 1606ರಲ್ಲಿ ಸಾಧ್ಯವಿರಲಿಲ್ಲ, ಆದ್ದರಿಂದ ಬ್ಯಾಂಕೋ ಶುದ್ಧನಾದ. ಕಾರಣ ದರ್ಬಾರಿನದು, ಫಲ ನಾಟಕದ್ದು: ಒಂದೇ ಭವಿಷ್ಯವಾಣಿ ಇಬ್ಬರ ಕಿವಿಗೂ ಬಿತ್ತು, ಒಬ್ಬ ಕೊಂದ, ಇನ್ನೊಬ್ಬ ಕೊಲ್ಲಲಿಲ್ಲ. ನಿಮ್ಮ ಎರಡನೇ ಸಂದೇಹಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಮೂರನೇ ಬೆಲ್

ಉಳಿದರ್ಧಕ್ಕೆ 1.3 ನೋಡಿ. ಮಾಟಗಾತಿಯರು ಹೇಳುವುದು ‘ನೀನು ಅರಸನಾಗುವೆ’ ಎಂದಷ್ಟೇ. ‘ಕೊಲ್ಲು’ ಎಂಬ ಪದ ಅವರ ಬಾಯಿಂದ ಬರುವುದಿಲ್ಲ, ಅದು ಅವನ ತಲೆಯೊಳಗಿಂದಲೇ ಎದ್ದು ಅವನ ಕೂದಲು ನಿಮಿರುತ್ತದೆ. ಅದೇ ದೃಶ್ಯದಲ್ಲಿ ಅವನು ‘ವಿಧಿಗೆ ನಾನು ಅರಸನಾಗಬೇಕಿದ್ದರೆ ಅದೇ ಕಿರೀಟ ತೊಡಿಸಲಿ, ನಾನು ಕೈಯಾಡಿಸುವುದಿಲ್ಲ’ ಎಂದೂ ಅನ್ನುತ್ತಾನೆ. ಎರಡೂ ದಾರಿ ಅವನ ಕಣ್ಣ ಮುಂದಿತ್ತು. ‘ವಿಧಿ’ ಎಂದು ಬರೆದು ಮುಗಿಸುವ ಉತ್ತರ ಎಡವುವುದು ಇಲ್ಲೇ.

ಶೀರ್ಷಿಕೆಯ ಪ್ರಶ್ನೆಗೆ ಬಂದರೆ, ‘ಮಹತ್ವಾಕಾಂಕ್ಷೆಯ ದುರಂತ’ ಎಂಬ ಮಾತು ಎರಡನೇ ಅಂಕದವರೆಗೆ ಸರಿ. ಅವನು ಬಯಸಿದ್ದು ಅಷ್ಟರಲ್ಲೇ ಕೈಗೆ ಬಂತು, ಇನ್ನೂ ಮೂರು ಅಂಕ ಬಾಕಿ. ಆ ಮೂರಕ್ಕೂ ಬೀಗದ ಕೈ 3.1ರಲ್ಲಿದೆ: ಹೀಗಿರುವುದು ಏನೂ ಅಲ್ಲ, ನಿರ್ಭಯವಾಗಿ ಹೀಗಿರಬೇಕು. ಅಲ್ಲಿಂದ ಮುಂದೆ ಅವನಿಗೆ ಹೊಸದಾಗಿ ಬೇಕಾದದ್ದು ಏನೂ ಇಲ್ಲ. ಇರುವುದನ್ನು ಕಳೆದುಕೊಳ್ಳದಿರಲು ಕೊಲ್ಲುತ್ತಾನೆ, ಪ್ರತಿ ಕೊಲೆಯೂ ಇನ್ನೊಂದು ಹೆದರಿಕೆಯನ್ನು ಹೆರುತ್ತದೆ.

ಕೊಲೆಗಳನ್ನು ಸಾಲಾಗಿ ಇಟ್ಟು ನೋಡಿ. ಡಂಕನ್‌ನದು ಅವನ ಸ್ವಂತ ಕೈಯಿಂದ, ತೆರೆಮರೆಯಲ್ಲಿ, ಎರಡು ದೃಶ್ಯ ತುಂಬ ತಳಮಳದ ನಂತರ. ಬ್ಯಾಂಕೋನದು ಬಾಡಿಗೆ ಕೊಲೆಗಾರರಿಂದ, ರಂಗದ ಮೇಲೇ. ಅವರನ್ನು ಒಪ್ಪಿಸಲು ಅವನು ಇನ್ನೂ ವಾದ ಮಾಡುತ್ತಾನೆ. ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳದು ಒಂದು ಅಪ್ಪಣೆ, ಅಷ್ಟೇ; ಮ್ಯಾಕ್‌ಡಫ್ ಅವನಿಗೆ ತಿರುಗಿಬಿದ್ದ ಸರದಾರ. ಅವರನ್ನು ಕೊಂದರೆ ಯಾವ ಲಾಭವೂ ಇಲ್ಲ, ಯಾಕೆಂದರೆ ಮ್ಯಾಕ್‌ಡಫ್ ಆಗಲೇ ಇಂಗ್ಲೆಂಡಿನಲ್ಲಿದ್ದಾನೆ. ಕೊಲೆಗಾರ ದೂರ ಸರಿಯುತ್ತಾನೆ, ಕೊಲೆ ನಮಗೆ ಹತ್ತಿರ ಬರುತ್ತದೆ, ಕಾರಣ ತೆಳುವಾಗುತ್ತದೆ. ನಿರಂಕುಶ ಅಧಿಕಾರ ಹೇಗೆ ಬೆಳೆಯುತ್ತದೆ ಎಂದು ಭಾಷಣ ಬಿಗಿಯದೆ ದೃಶ್ಯಗಳ ಜೋಡಣೆಯಲ್ಲೇ ತೋರಿಸಿದ್ದು ಹೀಗೆ.

ಜೊತೆಗೆ ಹೆಂಡತಿ. ಮೊದಲ ಕೊಲೆಗೆ ಅವಳೇ ಸೂತ್ರಧಾರಿಣಿ. ಎರಡನೆಯದಕ್ಕೆ ‘ನಿನಗೆ ತಿಳಿಯದಿರುವುದೇ ಒಳ್ಳೆಯದು’ (3.2) ಎಂಬ ಮಾತು. ಮೂರನೆಯದರ ಹೊತ್ತಿಗೆ ಅವಳು ರಂಗದಲ್ಲೇ ಇಲ್ಲ. 5.1ರಲ್ಲಿ ನಿದ್ದೆಗಣ್ಣಲ್ಲಿ ಬರುವಾಗ ಅವಳ ಮಾತು ಪದ್ಯದಿಂದ ಗದ್ಯಕ್ಕೆ ಬಿದ್ದಿರುತ್ತದೆ, ಹಳೆಯ ದೃಶ್ಯಗಳ ಚೂರುಗಳು ಕ್ರಮ ತಪ್ಪಿ ಉದುರುತ್ತವೆ. ಅನುವಾದದಲ್ಲಿ ಆಡುವವರು ಆ ಗದ್ಯಕ್ಕೆ ಮತ್ತೆ ಲಯ ತುಂಬಿ ಸುಂದರ ಮಾಡಿದರೆ ದೃಶ್ಯ ಸತ್ತಂತೆ.

ತಕರಾರು

ಮೂರನೇ ಸಂದೇಹದ ಬಗ್ಗೆ. ಜೇಮ್ಸನಿಗೆ ಹಿತವಾಗುವಂಥದ್ದು ನಾಟಕದಲ್ಲಿ ಧಾರಾಳವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. 1603ರ ಮೇ ತಿಂಗಳಲ್ಲಿ ಶೇಕ್ಸ್‌ಪಿಯರ್‌ನ ಮೇಳ ‘ರಾಜನ ಮೇಳ’ವಾಯಿತು. ಜೇಮ್ಸ್ 1597ರಲ್ಲಿ ಪ್ರೇತವಿದ್ಯೆಯ ಮೇಲೆ ಪುಸ್ತಕ ಬರೆದವನು. 1590ರಲ್ಲಿ ಡೆನ್ಮಾರ್ಕಿನಿಂದ ರಾಣಿಯೊಡನೆ ಬರುವಾಗ ಎದ್ದ ಬಿರುಗಾಳಿಗೆ ಮಾಟಗಾತಿಯರೇ ಕಾರಣ ಎಂದು ನಂಬಿ ವಿಚಾರಣೆಗಳಲ್ಲಿ ತಾನೇ ಕೂತಿದ್ದ. 1.3ರಲ್ಲಿ ಮಾಟಗಾತಿ ಒಬ್ಬ ನಾವಿಕನ ಹಡಗನ್ನು ಬಿರುಗಾಳಿಗೆ ಸಿಕ್ಕಿಸುವ ಮಾತಾಡುವುದನ್ನು ಅವನು ಹೇಗೆ ಕೇಳಿರಬೇಕು ಎಂದು ಊಹಿಸಬಹುದು. ಆದರೆ ಅದೇ ಮಾತಿನಲ್ಲಿ ಒಂದು ಮಿತಿಯಿದೆ: ಹಡಗನ್ನು ತುಯ್ದಾಡಿಸಬಲ್ಲಳು, ಮುಳುಗಿಸಲಾರಳು. ಮ್ಯಾಕ್‌ಬೆತ್‌ನ ವಿಷಯದಲ್ಲೂ ಅವರ ಶಕ್ತಿ ಅಷ್ಟೇ.

4.1ರಲ್ಲಿ ಮಾಟಗಾತಿಯರು ತೋರಿಸುವ, ಬ್ಯಾಂಕೋನ ವಂಶದ ಎಂಟು ಅರಸರ ಮೆರವಣಿಗೆಯನ್ನು ಎಣಿಸಿ ನೋಡಿ. 1371ರಲ್ಲಿ ಪಟ್ಟವೇರಿದ ಎರಡನೇ ರಾಬರ್ಟ್, ಮೂರನೇ ರಾಬರ್ಟ್, ಆಮೇಲೆ ಒಂದರಿಂದ ಆರರವರೆಗಿನ ಜೇಮ್ಸ್‌ಗಳು: ಎಂಟು. ಸ್ಕಾಟ್‌ಲೆಂಡಿನ ಆರನೇ ಜೇಮ್ಸನೇ ಇಂಗ್ಲೆಂಡಿನ ಒಂದನೇ ಜೇಮ್ಸ್. ನಡುವೆ ಆಳಿದ ಮೇರಿ ಲೆಕ್ಕಕ್ಕಿಲ್ಲ. ಜೇಮ್ಸನ ತಾಯಿ ಅವಳು. ಗದ್ದುಗೆ ಕಳೆದುಕೊಂಡು, 1587ರಲ್ಲಿ ಇಂಗ್ಲೆಂಡಿನಲ್ಲಿ ತಲೆಯನ್ನೂ ಕಳೆದುಕೊಂಡವಳು. ಹೊಗಳಿಕೆಯ ಮೆರವಣಿಗೆಯಲ್ಲೇ ಒಂದು ಶಿರಚ್ಛೇದ ಮುಚ್ಚಿಟ್ಟಿದೆ. ಜೇಮ್ಸನ ತಂದೆ ಡಾರ್ನ್‌ಲಿ ಇಳಿದುಕೊಂಡಿದ್ದ ಮನೆಯನ್ನು 1567ರಲ್ಲಿ ಮದ್ದಿಟ್ಟು ಹಾರಿಸಿದ್ದರು, ಶವ ಹೊರಗೆ ತೋಟದಲ್ಲಿ ಸಿಕ್ಕಿತು. ಇಂಥವನ ಮುಂದೆ ರಾಜಹತ್ಯೆಯ ನಾಟಕ ಆಡುವುದು ಬರೀ ಮುಖಸ್ತುತಿ ಅನ್ನಲು ಬಾಯಿ ಬರುವುದಿಲ್ಲ.

ಮುಗಿತಾಯವೂ ಅಷ್ಟು ನೆಮ್ಮದಿಯದಲ್ಲ. ನಾಟಕ ಶುರುವಾಗುವುದು ಬಂಡಾಯಗಾರ ಮ್ಯಾಕ್‌ಡಾನ್‌ವಾಲ್ಡ್‌ನ ತಲೆಯನ್ನು ಕೋಟೆಯ ಮೇಲೆ ಸಿಕ್ಕಿಸಿದ ಸುದ್ದಿಯಿಂದ. ಸಿಕ್ಕಿಸಿದವನು ಮ್ಯಾಕ್‌ಬೆತ್, ಅದಕ್ಕಾಗಿ ಬಿರುದು ಪಡೆದವನು. ಕೊನೆಗೆ ಅವನ ತಲೆಯನ್ನೇ ಹಿಡಿದು ಮ್ಯಾಕ್‌ಡಫ್ ಬರುತ್ತಾನೆ, ಮಾಲ್ಕಂ ಎಲ್ಲರಿಗೂ ‘ಅರ್ಲ್’ ಎಂಬ ಹೊಸ ಬಿರುದು ಹಂಚುತ್ತಾನೆ. ಡಂಕನ್ ಮಾಡಿದ್ದೂ ಅದೇ ತಾನೇ? ಬ್ಯಾಂಕೋನ ಮಗ ಫ್ಲಿಯಾನ್ಸ್ ಎಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಮಾಲ್ಕಂನ ತಮ್ಮ ಡೊನಾಲ್ಬೇನ್ ಸೇನೆಯಲ್ಲಿಲ್ಲ ಎಂದು 5.2ರಲ್ಲಿ ಸುಮ್ಮನೆ ಒಂದು ಮಾತು ಬರುತ್ತದೆ; ಚರಿತ್ರೆಯಲ್ಲಿ 1093ರಲ್ಲಿ ಮಾಲ್ಕಂ ಸತ್ತ ಕೂಡಲೇ ಗದ್ದುಗೆ ಹಿಡಿದವನು ಅದೇ ತಮ್ಮ.

ನಾಲ್ಕನೇ ಸಾಲು

ಎಲ್ಲರಿಗೂ ಧನ್ಯವಾದ. ಇನ್ನೆರಡು ಕಡೆ ಸಿಕ್ಕಿಕೊಂಡಿದ್ದೇನೆ. ಮದ್ದಿನ ಸಂಚು ನಾಟಕದಲ್ಲಿ ನೇರವಾಗಿ ಎಲ್ಲಿದೆ? ದ್ವಾರಪಾಲಕನ ದೃಶ್ಯ (2.3) ಅನ್ನುತ್ತಾರೆ, ಅಲ್ಲಿ ಕುಡುಕನ ಹಾಸ್ಯ ಬಿಟ್ಟರೆ ಏನೂ ಕಾಣಲಿಲ್ಲ. ಮತ್ತೆ 4.3ರಲ್ಲಿ ಮಾಲ್ಕಂ ತನ್ನನ್ನು ತಾನೇ ಬೈದುಕೊಳ್ಳುವ ಉದ್ದನೆಯ ಭಾಗ ಪ್ರದರ್ಶನಗಳಲ್ಲಿ ಹಾರಿಹೋಗಿರುತ್ತದೆ. ಹಾರಿಸಿದರೆ ನಷ್ಟವೇ?

ಹಳೇ ಹೊತ್ತಗೆ

ದ್ವಾರಪಾಲಕ ನರಕದ ಬಾಗಿಲು ಕಾಯುವವನಂತೆ ನಟಿಸಿ ಮೂವರನ್ನು ಒಳಗೆ ಕರೆಯುತ್ತಾನೆ: ಒಬ್ಬ ರೈತ, ಒಬ್ಬ ಇಬ್ಬಗೆ ಮಾತಿನವನು, ಒಬ್ಬ ದರ್ಜಿ. ನಡುವಿನವನು ಮುಖ್ಯ. 1605ರ ನವೆಂಬರ್ 5ರಂದು ಸಂಸತ್ತಿನ ಕೆಳಗೆ 36 ಪೀಪಾಯಿ ಮದ್ದು ಸಿಕ್ಕಿತು. ಸಂಚಿನ ವಿಚಾರ ಮೊದಲೇ ತಿಳಿದಿತ್ತು ಎಂಬ ಆರೋಪದ ಮೇಲೆ ಜೆಸ್ಯೂಟ್ ಪಾದ್ರಿ ಹೆನ್ರಿ ಗಾರ್ನೆಟ್‌ನನ್ನು 1606ರ ಮೇ 3ರಂದು ಗಲ್ಲಿಗೇರಿಸಿದರು. ವಿಚಾರಣೆಯಲ್ಲಿ ದೊಡ್ಡದಾದದ್ದು ಒಂದು ಸಿದ್ಧಾಂತ: ಸುಳ್ಳು ಹೇಳದೆ, ಕೇಳುವವನು ತಪ್ಪು ತಿಳಿಯುವಂತೆ ಮಾತಾಡಿ ಪಾರಾಗಬಹುದು ಎಂಬುದು. ಗಾರ್ನೆಟ್ ಬಳಸುತ್ತಿದ್ದ ಗುಪ್ತನಾಮಗಳಲ್ಲಿ ಒಂದು ‘ಫಾರ್ಮರ್’, ಅಂದರೆ ರೈತ. ಮೊದಲು ಬರುವ ರೈತನಿಗೂ ಅಂದಿನ ಪ್ರೇಕ್ಷಕರು ಬೇರೆ ಅರ್ಥ ಹಚ್ಚಿರಬಹುದು.

ನಮ್ಮಲ್ಲಿ ‘ಅಶ್ವತ್ಥಾಮ ಹತಃ’ ಎಂದು ಗಟ್ಟಿಯಾಗಿ ಹೇಳಿ ‘ಕುಂಜರಃ’ ಎಂಬುದನ್ನು ಮೆಲ್ಲಗೆ ಸೇರಿಸಿದ ಧರ್ಮರಾಯನ ನೆನಪಾದರೆ ಸಿದ್ಧಾಂತ ಸರಿಯಾಗಿ ಅರ್ಥವಾಯಿತು ಎಂದುಕೊಳ್ಳಿ.

ಇದು ಒಂದು ದೃಶ್ಯದ ಚೇಷ್ಟೆಯಲ್ಲ, ನಾಟಕದ ಎಂಜಿನ್ನೇ ಇದು. 4.1ರ ಎರಡು ಅಭಯವಾಣಿಗಳೂ ಅಕ್ಷರಶಃ ಸತ್ಯ: ಹೆಣ್ಣು ಹೆತ್ತವನಿಂದ ಸಾವಿಲ್ಲ, ಬರ್ನಮ್ ಕಾಡು ಬೆಟ್ಟ ಹತ್ತುವವರೆಗೆ ಸೋಲಿಲ್ಲ. ಹಿರಣ್ಯಕಶಿಪುವಿನ ವರದಂತೆ ಬಿರುಕು ಪದದಲ್ಲೇ ಇದೆ: ಮ್ಯಾಕ್‌ಡಫ್ ತಾಯಿಯ ಹೊಟ್ಟೆ ಸೀಳಿ ತೆಗೆದ ಕೂಸು. ಸಿಪಾಯಿಗಳು ಕೊಂಬೆ ಹಿಡಿದು ಹೊರಟು, ಕಾಡೇ ನಡೆದು ಬರುತ್ತಿದೆ ಎಂಬ ಸುದ್ದಿ ಬಂದಾಗ (5.5) ಮ್ಯಾಕ್‌ಬೆತ್ ಬೈಯುವುದು ಸುಳ್ಳನ್ನಲ್ಲ, ಸತ್ಯದಂತೆ ಸುಳ್ಳಾಡುವ ಪಿಶಾಚಿಯ ಇಬ್ಬಗೆ ಮಾತನ್ನು, ದ್ವಾರಪಾಲಕನ ಬಾಯಲ್ಲಿದ್ದ ಪದದ ಬೇರೇ ಅಲ್ಲಿಯೂ. 4.2ರಲ್ಲಿ ಮ್ಯಾಕ್‌ಡಫ್‌ನ ಮಗ ‘ದ್ರೋಹಿ ಅಂದರೆ ಯಾರು?’ ಎಂದು ಕೇಳುತ್ತಾನೆ, ಆಣೆ ಮಾಡಿ ಸುಳ್ಳಾಡುವವನು ಎಂದು ತಾಯಿ ಉತ್ತರಿಸುತ್ತಾಳೆ. ಅವರನ್ನೆಲ್ಲ ನೇಣಿಗೆ ಹಾಕಬೇಕಾ ಎಂದು ಹುಡುಗ ಮತ್ತೆ ಕೇಳುತ್ತಾನೆ. ಸಂಚುಗಾರರನ್ನು 1606ರ ಜನವರಿ ಕೊನೆಯಲ್ಲಿ ಬಹಿರಂಗವಾಗಿ ಕೊಂದ ಊರಿನಲ್ಲಿ ಆಡಿದ ಮಾತು ಇದು.

ಉತ್ತರ ಬರೆಯುವಾಗ ಒಂದು ಎಚ್ಚರ: ‘ನಾಟಕ ಮದ್ದಿನ ಸಂಚಿನ ಕುರಿತದ್ದು’ ಎಂದು ಬರೆಯಬೇಡಿ. ಮಾತು ನಂಬಿಕೆ ಕಳೆದುಕೊಂಡ ಕಾಲದಲ್ಲಿ ಅಧಿಕಾರ ಮಾತಿನ ಮೇಲೆ ಹೇಗೆ ನಿಲ್ಲುತ್ತದೆ ಎಂಬುದು ನಾಟಕದ ವಸ್ತು, ಸಂಚು ಆ ಕಾಲದ ಗುರುತು. ವರ್ಷಗಳನ್ನು ಮೊದಲ ಪ್ಯಾರಾದಲ್ಲಿ ರಾಶಿ ಹಾಕದೆ ಆಯಾ ದೃಶ್ಯದ ಪಕ್ಕದಲ್ಲೇ ಇಡಿ. 2.3ರ ಮಾತು ಬಂದಾಗ ಗಾರ್ನೆಟ್, 4.1 ಬಂದಾಗ ಸ್ಟುವರ್ಟ್ ವಂಶ, 1.4 ಬಂದಾಗ ವಾರಸುದಾರಿಕೆ.

ಮೂರನೇ ಬೆಲ್

ದ್ವಾರಪಾಲಕನಿಗೆ ಇನ್ನೊಂದು ಕೆಲಸವೂ ಇದೆ, ಅದು ತಾಲೀಮಿನಲ್ಲಿ ಗೊತ್ತಾಗುತ್ತದೆ. 2.2ರ ಕೊನೆಯಲ್ಲಿ ದಂಪತಿ ಇಬ್ಬರ ಕೈಯಲ್ಲೂ ರಕ್ತ, ಬಾಗಿಲು ಬಡಿಯುವ ಸದ್ದು ಶುರುವಾಗಿದೆ. 2.3ರಲ್ಲಿ ಮ್ಯಾಕ್‌ಬೆತ್ ಕೈ ತೊಳೆದು ನಿಲುವಂಗಿ ತೊಟ್ಟು ಈಗಷ್ಟೇ ಎದ್ದವನಂತೆ ಬರಬೇಕು. ನಡುವೆ ಇರುವುದು ಈ ಕುಡುಕ ಒಬ್ಬನೇ. ಅವನನ್ನು ತೆಗೆದರೆ ನಟನಿಗೆ ಬಣ್ಣ ತೊಳೆಯಲು ಹೊತ್ತು ಸಾಲದು, ಬಡಿತದ ಒತ್ತಡವೂ ಬೆಳೆಯುವುದಿಲ್ಲ. ಬಡಿತವನ್ನು ಅವನ ಮಾತಿನ ಸಂದುಗಳಲ್ಲಿ ಸರಿಯಾಗಿ ಕೂರಿಸಬೇಕು. ಒಂದೇ ಸಮ ಬಡಿದರೆ ಮಾತು ಕೇಳಿಸುವುದಿಲ್ಲ, ತೀರಾ ವಿರಳವಾದರೆ ಹೊರಗಿನವರನ್ನು ಪ್ರೇಕ್ಷಕ ಮರೆತೇಬಿಡುತ್ತಾನೆ.

4.3 ನಾಟಕದ ಅತಿ ಉದ್ದದ ದೃಶ್ಯ, ಸುಮಾರು 240 ಸಾಲು. ಕತ್ತರಿ ಮೊದಲು ಹೋಗುವುದೇ ಅಲ್ಲಿಗೆ. ಪೂರ್ತಿ ಹಾರಿಸಿದರೆ ಎರಡು ಪೆಟ್ಟು. ಮೊದಲನೆಯದು, ಒಳ್ಳೆಯ ಅರಸ ಹೇಗಿರಬೇಕು ಎಂದು ನಾಟಕ ನೇರವಾಗಿ ಪಟ್ಟಿ ಮಾಡುವುದು ಇಲ್ಲೇ. ನ್ಯಾಯ, ಸತ್ಯ, ಸಂಯಮದಿಂದ ಹಿಡಿದು ಸ್ಥೈರ್ಯದವರೆಗೆ ಹನ್ನೆರಡು ಗುಣ. ಅದು ಹೋದರೆ ‘ಅಧಿಕಾರ’ ಎಂಬ ವಸ್ತುವಿನ ಒಂದು ಪಕ್ಕೆ ಮಾತ್ರ ಉಳಿಯುತ್ತದೆ. ಎರಡನೆಯದು, ಮಾಲ್ಕಂ ಕಾಮಿ, ಲೋಭಿ ಎಂದು ತನ್ನ ಮೇಲೇ ಸುಳ್ಳು ಹೇಳಿ ಮ್ಯಾಕ್‌ಡಫ್‌ನನ್ನು ಒರೆಗೆ ಹಚ್ಚುತ್ತಾನೆ. ಮುಖ ನೋಡಿ ಮನಸ್ಸು ಅಳೆಯುವ ವಿದ್ಯೆಯಿಲ್ಲ ಎಂದು 1.4ರಲ್ಲಿ ಡಂಕನ್ ಹೇಳಿ ಮುಗಿಸುವಷ್ಟರಲ್ಲಿ ಮ್ಯಾಕ್‌ಬೆತ್ ಪ್ರವೇಶಿಸಿದ್ದ. ಮಗ ಆ ಪಾಠ ಕಲಿತಿದ್ದಾನೆ. ಆದರೆ ಕಲಿತದ್ದು ಏನು? ಒಳ್ಳೆಯವನೂ ಸುಳ್ಳಾಡಿಯೇ ಸತ್ಯ ತಿಳಿಯಬೇಕಾದ ಸ್ಥಿತಿ. ಇಂಗ್ಲೆಂಡಿನ ಎಡ್ವರ್ಡ್ ಅರಸನ ಸ್ಪರ್ಶದಿಂದ ರೋಗ ವಾಸಿಯಾಗುವ ಭಾಗವನ್ನು ಬೇಕಾದರೆ ತೆಗೆಯಿರಿ, ದೃಶ್ಯದ ಬೆನ್ನು ಮುರಿಯುವುದಿಲ್ಲ. ಒರೆಗೆ ಹಚ್ಚುವ ಭಾಗವನ್ನು ಮೂರರಲ್ಲಿ ಒಂದಕ್ಕೆ ಇಳಿಸಿ, ಆದರೆ ಹೆಂಡತಿ ಮಕ್ಕಳ ಸುದ್ದಿ ಬರುವ ಕೊನೆಯ ಭಾಗ ಮುಟ್ಟಬೇಡಿ. ‘ಗಂಡಸಿನಂತೆ ಎದುರಿಸು’ ಎಂದ ಮಾಲ್ಕಂಗೆ ಮ್ಯಾಕ್‌ಡಫ್ ‘ಗಂಡಸಿನಂತೆ ಅನುಭವಿಸಲೂ ಬೇಕು’ ಅನ್ನುತ್ತಾನೆ. 1.7ರಿಂದ ‘ಗಂಡಸುತನ’ ಎಂದರೆ ಕೊಲ್ಲುವ ಧೈರ್ಯ ಎಂದಷ್ಟೇ ಇದ್ದ ಅರ್ಥ ಅಲ್ಲಿ ಮೊದಲ ಸಲ ಬದಲಾಗುತ್ತದೆ.

ನಿಶ್ಚಿಂತೆಯಿಂದ ಕತ್ತರಿಸಬಹುದಾದ್ದು 3.5, ಮಾಟಗಾತಿಯರ ಒಡತಿ ಹೆಕೇಟ್ ಬರುವ ದೃಶ್ಯ. ನಾಟಕದ ಏಕೈಕ ಮೂಲಪಾಠವಾದ 1623ರ ಫೋಲಿಯೋದಲ್ಲಿ (ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹ) ಅಲ್ಲಿನ ಹಾಡಿನ ಮೊದಲ ಸಾಲಷ್ಟೇ ಇದೆ. ಪೂರ್ತಿ ಹಾಡು ಸಿಗುವುದು ಅದೇ ಕಾಲದ ನಾಟಕಕಾರ ಮಿಡಲ್‌ಟನ್‌ನ ನಾಟಕದಲ್ಲಿ. ಆ ದೃಶ್ಯ ಬೇರೆ ಕೈಯದು ಎಂದೇ ಬಹುತೇಕ ವಿದ್ವಾಂಸರ ಅಭಿಪ್ರಾಯ.

ತಕರಾರು

3.5ರ ಬಗ್ಗೆ ಒಪ್ಪಿದೆ, ಒಂದು ಸೇರಿಕೆಯೊಂದಿಗೆ. ಅಭಯದ ಭ್ರಮೆಯೇ ಮನುಷ್ಯನ ದೊಡ್ಡ ಶತ್ರು ಎಂಬರ್ಥದ ಮಾತು ಇರುವುದು ಆ ದೃಶ್ಯದಲ್ಲೇ. ನೀವು 3.1ರಲ್ಲಿ ತೋರಿಸಿದ ‘ನಿರ್ಭಯವಾಗಿ ಹೀಗಿರಬೇಕು’ ಎಂಬುದಕ್ಕೆ ಅದು ಎದುರುತ್ತರ. ಬರೆದ ಕೈ ಯಾರದಾದರೂ ಆಗಿರಲಿ, ನಾಟಕವನ್ನು ಸರಿಯಾಗಿ ಓದಿಕೊಂಡಿದ್ದವನ ಕೈ. ಹೆಕೇಟ್‌ಳನ್ನು ತೆಗೆದರೂ ಆ ಎರಡು ಸಾಲನ್ನು 4.1ರಲ್ಲಿ ಮಾಟಗಾತಿಯೊಬ್ಬಳ ಬಾಯಿಗೆ ಹಾಕಿ.

ಇನ್ನು 3.4ರ ಔತಣ. ಭೂತ ಕಾಣಬೇಕೋ ಬೇಡವೋ ಎಂಬ ಚರ್ಚೆ ಎಲ್ಲ ಕಡೆ ಏಳುತ್ತದೆ. ಫೋಲಿಯೋದ ರಂಗಸೂಚನೆ ಸ್ಪಷ್ಟ: ಬ್ಯಾಂಕೋನ ಭೂತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ. ಅವನು ನೋಡುವುದು ಸ್ವಲ್ಪ ಹೊತ್ತಾದ ಮೇಲೆ. ಅಂದರೆ ಪ್ರೇಕ್ಷಕ ಮೊದಲು ಕಾಣುತ್ತಾನೆ, ಅರಸ ಆಮೇಲೆ. 2.1ರ ಕಠಾರಿಗೆ ಇಂಥ ಸೂಚನೆಯೇ ಇಲ್ಲ, ಅದು ಅವನೊಬ್ಬನ ಕಣ್ಣಿಗೆ. ಎರಡನ್ನೂ ಒಂದೇ ಬಗೆಯಲ್ಲಿ, ಬರೀ ಬೆಳಕಿನಿಂದ ಅಥವಾ ಬರೀ ನೋಟದಿಂದ ಮಾಡಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಕುರ್ಚಿ ಖಾಲಿ ಬಿಟ್ಟರೆ ‘ಇವನಿಗೆ ತಲೆ ಕೆಟ್ಟಿದೆ’ ಎಂದು ಪ್ರೇಕ್ಷಕ ಅತಿಥಿಗಳ ಜೊತೆ ಸೇರಿಕೊಳ್ಳುತ್ತಾನೆ. ಭೂತ ಕೂತರೆ, ಇಷ್ಟವಿರಲಿ ಇಲ್ಲದಿರಲಿ, ಕೊಲೆಗಾರನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಮ್ಯಾಕ್‌ಬೆತ್ ‘ಮೇಜು ತುಂಬಿದೆ’ ಅನ್ನುವಾಗ ಸಿಂಹಾಸನದ ಮೇಲೆ ಸತ್ತವನು ಕೂತಿರಬೇಕು.